ಬಾಡಿ ತಗಡಿಗೆ ಯಾವ ವೆಲ್ಡಿಂಗ್ ಮಷಿನ್? ಕಲಬುರಗಿ, ಬೀದರ್, ಯಾದಗಿರಿಯ ಗ್ಯಾರೇಜುಗಳಿಗೆ ಹಂತ ಹಂತದ ಮಾರ್ಗದರ್ಶಿ

ಹೊಸ ಮಷಿನ್ ತಂದ ಮೇಲೂ ಫೆಂಡರಿನಲ್ಲಿ ತೂತು ಬೀಳುತ್ತದೆ. ಬಾಗಿಲಿನ ತಗಡು ಕಾದು ಅಲೆಯೇಳುತ್ತದೆ. ಗಟ್ಟಿ ಬೆಸೆದಂತೆ ಕಂಡ ಪ್ಯಾಚು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿಯ ಕೆಳಗೆ ಬಿಟ್ಟಿರುತ್ತದೆ. ಇಂಥ ದೂರುಗಳಲ್ಲಿ ಹೆಚ್ಚಿನವು ಮಿಸ್ತ್ರಿಯ ಕೈಯಿಂದ ಬಂದವಲ್ಲ, ಮಷಿನ್ ಆರಿಸಿದ ರೀತಿಯಿಂದ ಬಂದವು. ಪೆಟ್ಟಿಗೆಯ ಮೇಲಿನ 200, 250, 400 ಆಂಪ್ ಎಂಬ ದೊಡ್ಡ ಅಂಕಿ ನೋಡಿ ದುಡ್ಡು ಕೊಟ್ಟವರಿಗೆ ಈ ತೊಂದರೆ ತಪ್ಪುವುದಿಲ್ಲ. ಬಾಡಿ ತಗಡು ಕೇಳುವುದು ಕರೆಂಟಿನ ಕೆಳಗಿನ ತುದಿಯನ್ನು: 30ರಿಂದ 60 ಆಂಪಿನ ನಡುವೆ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ನಡುಗದೆ, ಆರದೆ ಉರಿಯಬೇಕು.

ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೊದಲು ತಗಡು, ನಂತರ ವಿಧಾನ, ತಂತಿ ಮತ್ತು ಗ್ಯಾಸು, ನಿಮ್ಮ ಶೆಡ್ಡಿನ ಕರೆಂಟು. ಮಷಿನ್ ಅದಾದ ಮೇಲೆ. ಮಷಿನ್ ಮೊದಲು ತಂದವರು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೋಗಿ ಎರಡು ಸಲ ಖರ್ಚು ಮಾಡುತ್ತಾರೆ.

ಇದಕ್ಕೆ ಬೇಕಾಗುವ ಸಾಮಾನು: ಡಿಜಿಟಲ್ ವರ್ನಿಯರ್, ಮಲ್ಟಿಮೀಟರ್, ಮತ್ತು ಗುಜರಿಯಿಂದ ತಂದ ಹಳೆ ಬಾನೆಟ್ ಅಥವಾ ಬಾಗಿಲಿನಿಂದ ಕತ್ತರಿಸಿದ ಹತ್ತು ತುಂಡುಗಳು. ಒಂದೊಂದು ತುಂಡು 100 ಮಿ.ಮೀ. ಉದ್ದ, 50 ಮಿ.ಮೀ. ಅಗಲ ಇದ್ದರೆ ಸಾಕು. ಎರಡೂ ಬದಿಯ ಬಣ್ಣವನ್ನು ಫ್ಲಾಪ್ ಡಿಸ್ಕಿನಿಂದ ಪೂರ್ತಿ ತೆಗೆದಿರಬೇಕು.

ಹಂತ 1: ನೀವು ಬೆಸೆಯುವ ತಗಡನ್ನು ಅಳೆಯಿರಿ

ಕಾರಿನ ಹೊರಮೈ ತಗಡು, ಅಂದರೆ ಫೆಂಡರ್, ಬಾಗಿಲು, ಬಾನೆಟ್, ಡಿಕ್ಕಿ, ಸಾಮಾನ್ಯವಾಗಿ 0.6ರಿಂದ 0.9 ಮಿ.ಮೀ. ದಪ್ಪ ಇರುತ್ತದೆ. ಫ್ಲೋರ್ ಮತ್ತು ಬಾಗಿಲ ಕೆಳಗಿನ ಪಟ್ಟಿ 0.8ರಿಂದ 1.2. ಒಳಗಿನ ಬಲಪಟ್ಟಿ, ಚಾಸಿಗೆ ಸೇರಿದ ಭಾಗಗಳು 1.5ರಿಂದ 2.5 ಮಿ.ಮೀ.ವರೆಗೆ ಹೋಗುತ್ತವೆ. ಅಂಗಡಿಯವರು ಗೇಜಿನಲ್ಲಿ ಮಾತಾಡಿದರೆ 22 ಗೇಜ್ ಎಂದರೆ ಸುಮಾರು 0.7, 20 ಗೇಜ್ 0.9, 18 ಗೇಜ್ 1.2 ಮಿ.ಮೀ. ಎಂದು ತಿಳಿಯಿರಿ.

ಅಳತೆ ತಪ್ಪುವ ಕಡೆ ಎರಡು. ಬಣ್ಣ ಮತ್ತು ಹಳೆ ಪುಟ್ಟಿಯ ಮೇಲೇ ವರ್ನಿಯರ್ ಇಟ್ಟರೆ ತಗಡು ದಪ್ಪ ಕಾಣುತ್ತದೆ. ಇನ್ನೊಂದು ತುಕ್ಕು. ತುಕ್ಕು ತಾನು ತಿಂದ ಉಕ್ಕಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ 1 ಮಿ.ಮೀ. ತೋರಿಸಿದ ಜಾಗದಲ್ಲಿ ಒಳಗೆ ಉಳಿದ ಲೋಹ ಅರ್ಧವೂ ಇರಲಿಕ್ಕಿಲ್ಲ. ಮೊನೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ; ಸದ್ದು ಮಂದವಾದರೆ ಅಥವಾ ಮೊನೆ ಒಳಗೆ ಇಳಿದರೆ ಆ ತಗಡು ಬೆಸುಗೆ ತಡೆಯುವುದಿಲ್ಲ. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಲ್ಲಿ ಅಳೆಯಿರಿ. ತುಕ್ಕಿನ ಅಂಚಿಗೆ ಬೆಸೆಯಲು ಹೋಗಿ ತೂತು ಬಿದ್ದಾಗ ಯಾವ ಮಷಿನ್ ಬದಲಾಯಿಸಿದರೂ ಉಪಯೋಗವಿಲ್ಲ.

ನಿಮ್ಮ ಗ್ಯಾರೇಜಿಗೆ ಯಾವ ಗಾಡಿ ಹೆಚ್ಚು ಬರುತ್ತದೆ ಎಂದು ಬರೆದಿಡಿ. ಬರೀ ಕಾರು ಮತ್ತು ಟಂಟಂ ಆದರೆ 0.7ರಿಂದ 1.2 ಮಿ.ಮೀ. ನಿಮ್ಮ ಲೋಕ. ಕ್ರೂಸರ್, ಬೊಲೆರೊ, ಟ್ರ್ಯಾಕ್ಟರ್ ಮಡ್‌ಗಾರ್ಡ್, ವಾಡಿ-ಶಹಾಬಾದ್-ಸೇಡಂ ಕಡೆಯ ಸಿಮೆಂಟ್ ಲಾರಿಗಳ ಕ್ಯಾಬಿನ್ನು ಕೂಡ ಬರುವುದಾದರೆ 2 ಮಿ.ಮೀ. ದಾಟಿದ ಕೆಲಸವೂ ಇರುತ್ತದೆ. ಆಗಲೂ ಕೆಳತುದಿಯನ್ನು ಬಿಟ್ಟುಕೊಡಬೇಡಿ. 200 ಆಂಪಿನ ಒಳ್ಳೆಯ ಮಷಿನ್ ಎರಡನ್ನೂ ಮಾಡುತ್ತದೆ, 400 ಆಂಪಿನದು ಮಾಡುವುದಿಲ್ಲ.

ಹಂತ 2: ವಿಧಾನ ಗೊತ್ತುಮಾಡಿ

ಕಡ್ಡಿಯ ಆರ್ಕ್ ವೆಲ್ಡಿಂಗನ್ನು ಬಾಡಿ ತಗಡಿಗೆ ಲೆಕ್ಕಕ್ಕೇ ಹಿಡಿಯಬೇಡಿ. ಎಲ್ಲ ಕಡೆ ಸಿಗುವ 2.5 ಮಿ.ಮೀ. ಕಡ್ಡಿ ಸರಿಯಾಗಿ ಉರಿಯಲು 60ರಿಂದ 90 ಆಂಪ್ ಬೇಕು. ಅಷ್ಟು ಶಾಖಕ್ಕೆ 0.8 ಮಿ.ಮೀ. ತಗಡು ಕ್ಷಣದಲ್ಲಿ ಕರಗಿ ಜಾರುತ್ತದೆ. ಕರೆಂಟ್ ಇಳಿಸಿದರೆ ಕಡ್ಡಿ ಅಂಟಿಕೊಳ್ಳುತ್ತದೆ, ಬೂದಿಗಟ್ಟು (ಕಡ್ಡಿಯ ಲೇಪ ಕರಗಿ ಉಳಿದ ಕಿಟ್ಟ) ಒಳಗೆ ಉಳಿಯುತ್ತದೆ, ಆ ಜಾಗದಿಂದಲೇ ಮುಂದೆ ತುಕ್ಕು ಏಳುತ್ತದೆ.

ಆಕ್ಸಿಜನ್-ಅಸಿಟಲಿನ್ ಗ್ಯಾಸಿನಿಂದ ತೆಳು ತಗಡು ಬೆಸೆಯುವ ಹಳೆಯ ಉಸ್ತಾದರು ಇನ್ನೂ ಇದ್ದಾರೆ, ಅವರ ಕೈ ದೊಡ್ಡದು. ಆದರೆ ಜ್ವಾಲೆ ಅಂಗೈ ಅಗಲದ ಜಾಗ ಕಾಯಿಸುತ್ತದೆ. ತಗಡು ಸೊಟ್ಟಾಗುತ್ತದೆ, ಒಳಗಿನ ಸ್ಪಂಜು-ವೈರಿಂಗ್ ಸುಡುತ್ತದೆ, ಈಗಿನ ಗಾಡಿಗಳ ಹೆಚ್ಚು ಬಲದ ಉಕ್ಕು ಆ ಶಾಖಕ್ಕೆ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ.

ಟಿಗ್ (ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹುಟ್ಟಿಸಿ, ಇನ್ನೊಂದು ಕೈಯಿಂದ ಕಡ್ಡಿ ಕೊಡುವ ವಿಧಾನ) ಚೊಕ್ಕ ಬೆಸುಗೆ ಕೊಡುತ್ತದೆ, ಸುತ್ತಿಗೆಯಿಂದ ತಟ್ಟಿ ನಯಗೊಳಿಸಬಹುದಾದಷ್ಟು ಮೆತ್ತಗಿರುತ್ತದೆ. ಅದಕ್ಕೆ ಅಂಚುಗಳು ಕೂದಲೆಳೆಯಷ್ಟೂ ಬಿಡದೆ ಕೂರಬೇಕು, ಲೋಹ ಪೂರ್ತಿ ಶುದ್ಧ ಇರಬೇಕು, ಎರಡೂ ಕೈ ಬೇಕು. ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸಕ್ಕೆ ಅದು ಒಗ್ಗದು. ಮೊದಲ ಮಷಿನ್ ಆಗಿ ಟಿಗ್ ಬೇಡ.

ಉಳಿದದ್ದು ಮಿಗ್, ನಮ್ಮ ಕಡೆ ಸಿಓಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್ ಎಂದು ಕರೆಸಿಕೊಳ್ಳುವುದು. ತಂತಿ ತಾನೇ ಬರುತ್ತದೆ, ಒಂದು ಕೈ ಬಿಡುವಿರುತ್ತದೆ, ಅರ್ಧ ಸೆಕೆಂಡಿನ ಚುಕ್ಕೆ ಹಾಕಿ ನಿಲ್ಲಿಸಬಹುದು. ಬಾಡಿ ಕೆಲಸಕ್ಕೆ ಇದೇ ಸರಿ. ಇಲ್ಲಿ ಜನ ಎಡವುವ ಜಾಗಗಳು ಮೂರು.

ಮೊದಲನೆಯದು ಗ್ಯಾಸ್ ಇಲ್ಲದ ಮಿಗ್. ಒಳಗೆ ಪುಡಿ ತುಂಬಿದ ತಂತಿ ಬಳಸುವ ಈ ಮಷಿನ್‌ಗಳು ಅಗ್ಗ, ಸಿಲಿಂಡರಿನ ಗೊಡವೆ ಇಲ್ಲ, ಗಾಳಿಗೂ ಹೆದರುವುದಿಲ್ಲ. ಆದರೆ ಅವುಗಳ ಆರ್ಕ್ ಬಿಸಿ, ಕಿಡಿ ಹೆಚ್ಚು, ಮೇಲೆ ಬೂದಿಗಟ್ಟು ಕೂರುತ್ತದೆ. 1.2 ಮಿ.ಮೀ.ಗಿಂತ ತೆಳುವಿಗೆ ಕೈ ಪಳಗಿದವರೂ ಕಷ್ಟಪಡುತ್ತಾರೆ. ಗೇಟು, ಟ್ರಾಲಿ ಕೆಲಸಕ್ಕೆ ಇರಲಿ, ಫೆಂಡರಿಗೆ ಬೇಡ. ಗ್ಯಾಸ್ ಜೋಡಿಸುವ ನಳಿಕೆ ಮಷಿನ್ ಹಿಂದೆ ಇದೆಯೇ ಎಂದು ತಿರುಗಿಸಿ ನೋಡಿಯೇ ಕೊಳ್ಳಿ.

ಎರಡನೆಯದು ಕಪನೂರ, ಕೊಳಾರದಂಥ ಕೈಗಾರಿಕಾ ಪ್ರದೇಶಗಳ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ದುಡಿದು ಸೆಕೆಂಡ್ ಹ್ಯಾಂಡ್‌ಗೆ ಬರುವ 400 ಆಂಪಿನ ತ್ರೀ ಫೇಸ್ ಸೆಟ್. ಗಟ್ಟಿಮುಟ್ಟಾದ ಮಷಿನ್, ಬೆಲೆಯೂ ಆಸೆ ಹುಟ್ಟಿಸುತ್ತದೆ. ಆದರೆ ಅದು 1.2 ಮಿ.ಮೀ. ತಂತಿಗೆ ಕಟ್ಟಿದ್ದು, ಆ ತಂತಿ ನೆಟ್ಟಗೆ ಉರಿಯಲು 100 ಆಂಪಿನ ಆಸುಪಾಸು ಬೇಕು. ವೋಲ್ಟೇಜ್ ಸ್ವಿಚ್ಚಿನ ಒಂದೊಂದು ಮೆಟ್ಟಿಲೂ ದೊಡ್ಡದು; ಒಂದರಲ್ಲಿ ತಂತಿ ಕರಗುವುದಿಲ್ಲ, ಮುಂದಿನದರಲ್ಲಿ ತಗಡೇ ಹೋಗುತ್ತದೆ.

ಮೂರನೆಯದು ಡೆಂಟ್ ಎಳೆಯುವ ಸ್ಪಾಟ್ ಮಷಿನ್. ತಗ್ಗಾದ ತಗಡಿಗೆ ವಾಷರ್ ಅಂಟಿಸಿ ಎಳೆಯುವುದಷ್ಟೇ ಅದರ ಕೆಲಸ. ಎರಡು ತಗಡು ಕೂಡಿಸಲು ಅದು ಬರುವುದಿಲ್ಲ. ಕಂಪನಿಯಲ್ಲಿ ಹಾಕಿದಂಥ ಸ್ಪಾಟ್ ಬೆಸುಗೆಗೆ ಎರಡೂ ಬದಿಯಿಂದ ಹಿಡಿಯುವ ಬೇರೆ ಮಷಿನ್ ಇದೆ. ಅದು ಸಾವಿರಾರು ಆಂಪ್ ಹರಿಸುತ್ತದೆ, ಹೆಚ್ಚಾಗಿ ತ್ರೀ ಫೇಸ್ ಬೇಡುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಇರಲಿ. ಹೊಸ ಕಾರುಗಳ ಬಾಗಿಲ ನಡುವಿನ ಕಂಬದಲ್ಲಿ ಮತ್ತು ಕೆಲವು ಒಳಪಟ್ಟಿಗಳಲ್ಲಿ ಬೋರಾನ್ ಉಕ್ಕು ಇರುತ್ತದೆ. ಡ್ರಿಲ್ ಬಿಟ್ ಜಾರಿ ಮೊಂಡಾದರೆ ಸಂಶಯಪಡಿ. ಅಲ್ಲಿ ಸಾದಾ ಮಿಗ್ ಹಾಕಿದರೆ ಬೆಸುಗೆಯ ಪಕ್ಕದ ಉಕ್ಕು ಸತ್ವ ಕಳೆದುಕೊಳ್ಳುತ್ತದೆ, ಅಪಘಾತದಲ್ಲಿ ಒಳಗಿನವರನ್ನು ಕಾಯಬೇಕಾದ ಕಂಬ ಮಡಚಿಕೊಳ್ಳುತ್ತದೆ. ಅಂಥ ಭಾಗವನ್ನು ಗಾಡಿ ತಯಾರಕರ ಕೈಪಿಡಿ ಹೇಳಿದ ಜಾಗದಲ್ಲಿ, ಹೇಳಿದ ವಿಧಾನದಲ್ಲಿ ಮಾತ್ರ ಬದಲಾಯಿಸಬೇಕು. ಅಲ್ಯೂಮಿನಿಯಂ ಬಾನೆಟ್ ಕೂಡ ಈ ಮಷಿನ್‌ನ ಕೆಲಸವಲ್ಲ. ಅಯಸ್ಕಾಂತ ಅಂಟದಿದ್ದರೆ ಕೈಬಿಡಿ.

ಹಂತ 3: ತಂತಿ ಮತ್ತು ಗ್ಯಾಸ್

ತಂತಿಯ ಮೇಲೆ ಇಆರ್70ಎಸ್-6 ಎಂದಿರಬೇಕು. ಅದರಲ್ಲಿ ಸಿಲಿಕಾನ್, ಮ್ಯಾಂಗನೀಸ್ ಹೆಚ್ಚಿರುವುದರಿಂದ ಅಲ್ಪಸ್ವಲ್ಪ ಕೊಳೆ, ತುಕ್ಕಿನ ಅಂಶ ಉಳಿದರೂ ತಡೆದುಕೊಳ್ಳುತ್ತದೆ.

ದಪ್ಪದಲ್ಲಿ 0.6 ಮಿ.ಮೀ. ಬಾಡಿ ಕೆಲಸಕ್ಕೆ ಅತ್ಯುತ್ತಮ. 0.8ಕ್ಕೆ ಹೋಲಿಸಿದರೆ ಅದರ ಅಡ್ಡಕೊಯ್ತದ ಅಳತೆ ಶೇ 56 ಮಾತ್ರ, ಹಾಗಾಗಿ ಅದೇ ವೇಗದಲ್ಲಿ ಬಂದರೂ ಕಡಿಮೆ ಕರೆಂಟ್ ಎಳೆಯುತ್ತದೆ, 30 ಆಂಪಿನಲ್ಲೂ ಶಾಂತವಾಗಿ ಉರಿಯುತ್ತದೆ. ತೊಂದರೆ ಎಂದರೆ ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದು 0.8. ಅದರಲ್ಲೂ ಕೆಲಸ ಆಗುತ್ತದೆ, 45 ಆಂಪಿನ ಮೇಲೆ ಅದು ಹದಕ್ಕೆ ಬರುತ್ತದೆ. 1 ಮಿ.ಮೀ. ತಂತಿ ಕೊಟ್ಟು ನಡೆಯುತ್ತದೆ ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ಉರುಳೆ 5 ಕೆ.ಜಿ.ಯದು ಸಾಕು. 15 ಕೆ.ಜಿ. ಅಗ್ಗ ಬಿದ್ದರೂ ಬಾಡಿ ಕೆಲಸದಲ್ಲಿ ತಿಂಗಳುಗಟ್ಟಲೆ ಉಳಿದು, ಮಳೆಗಾಲದಲ್ಲಿ ತುಕ್ಕು ಹಿಡಿದು, ಲೈನರಿನಲ್ಲಿ (ತಂತಿ ಸಾಗುವ ಒಳಕೊಳವೆಯಲ್ಲಿ) ಸಿಕ್ಕಿಕೊಳ್ಳುತ್ತದೆ.

ಕರಗಿದ ಲೋಹವನ್ನು ಗಾಳಿಯಿಂದ ಕಾಯುವ ಗ್ಯಾಸಿನ ಆಯ್ಕೆ ಎರಡು: ಶುದ್ಧ ಸಿಓಟು, ಇಲ್ಲವೇ ಶೇ 75ರಿಂದ 85 ಆರ್ಗಾನ್ ಇದ್ದು ಉಳಿದದ್ದು ಸಿಓಟು ಇರುವ ಮಿಶ್ರಣ. ಸಿಓಟು ಅಗ್ಗ, ಆಳಕ್ಕೆ ಇಳಿಯುತ್ತದೆ. ತೆಳು ತಗಡಿಗೆ ಆಳ ಬೇಡವೇ ಬೇಡ. ಮಿಶ್ರಣದಲ್ಲಿ ಆರ್ಕ್ ಮೆತ್ತಗೆ, ಕಿಡಿ ಕಡಿಮೆ, ಗ್ರೈಂಡರ್ ಕೆಲಸವೂ ಕಡಿಮೆ. ಬೆಲೆಗೆ ಹೆದರುವವರು ಈ ಲೆಕ್ಕ ಮಾಡಲಿ: 7 ಘನ ಮೀಟರಿನ ಸಿಲಿಂಡರಿನಲ್ಲಿ 7,000 ಲೀಟರ್ ಗ್ಯಾಸ್ ಇರುತ್ತದೆ, ನಿಮಿಷಕ್ಕೆ 10 ಲೀಟರ್ ಬಿಟ್ಟರೆ 700 ನಿಮಿಷದ ಆರ್ಕ್. ಬಾಡಿ ಕೆಲಸದಲ್ಲಿ ಇಡೀ ದಿನಕ್ಕೆ ಆರ್ಕ್ ಉರಿಯುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕತ್ತರಿಸುವುದು, ಕೂರಿಸುವುದು, ತಿಕ್ಕುವುದರಲ್ಲೇ ಹೋಗುತ್ತದೆ.

ಮಷಿನ್ ಕೊಳ್ಳುವ ಮೊದಲೇ ಗ್ಯಾಸ್ ಡೀಲರನ್ನು ಕಾಣಿ. ಮಿಶ್ರಣ ಸಿಗುತ್ತದೆಯೇ, ಖಾಲಿ ಕೊಟ್ಟರೆ ತುಂಬಿದ್ದು ಎಷ್ಟು ದಿನಕ್ಕೆ ಬರುತ್ತದೆ, ಸಿಲಿಂಡರ್ ಬಾಡಿಗೆಯೋ ಡಿಪಾಜಿಟ್ಟೋ, ಇವಿಷ್ಟು ಕೇಳಿ. ಔರಾದ, ಚಿಂಚೋಳಿ, ಸುರಪುರದಂಥ ಊರಿನವರು ಇದನ್ನು ಕೇಳದೆ ಮುಂದೆ ಹೋಗಲೇಬೇಡಿ. ಬರೀ ಸಿಓಟು ಸಿಗುವ ಊರಾದರೆ ಅದರಲ್ಲೇ ಮಾಡಬಹುದು. ಆದರೆ ಮಷಿನ್‌ನ ಕೆಳತುದಿ ಇನ್ನೂ ಚೆನ್ನಾಗಿರಬೇಕು, ಅಂಗಡಿಯ ಪರೀಕ್ಷೆಯನ್ನೂ ಸಿಓಟುವಿನಲ್ಲೇ ಮಾಡಿಸಬೇಕು. ಮಿಶ್ರಣದಲ್ಲಿ ಮಾಡಿ ತೋರಿಸಿದ್ದು ನಿಮ್ಮ ಶೆಡ್ಡಿನಲ್ಲಿ ಹಾಗೇ ಬರುವುದಿಲ್ಲ.

ಸಿಓಟು ಸಿಲಿಂಡರ್ ಬಗ್ಗೆ ನಮ್ಮ ಬಿಸಿಲಿನವರು ತಿಳಿದಿರಲೇಬೇಕಾದ ಸಂಗತಿ ಒಂದಿದೆ. ಒಳಗೆ ಅದು ದ್ರವವಾಗಿರುತ್ತದೆ, 31 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಸರಸರನೆ ಏರುತ್ತದೆ. ಏಪ್ರಿಲ್-ಮೇನಲ್ಲಿ 42 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಸಿಲಿಂಡರನ್ನು ಅಂಗಳದ ಬಿಸಿಲಿಗೆ ನಿಲ್ಲಿಸುವುದು ಅಪಾಯ. ನೆರಳಿನಲ್ಲಿ, ನೆಟ್ಟಗೆ, ಗೋಡೆಗೆ ಸರಪಳಿ ಹಾಕಿ ಇಡಿ. ಇದೇ ಕಾರಣಕ್ಕೆ ಒತ್ತಡದ ಮೀಟರ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲಾಗದು. ಕತ್ತಿನ ಮೇಲೆ ಖಾಲಿ ತೂಕ ಕೆತ್ತಿರುತ್ತದೆ. ತಕ್ಕಡಿಗೆ ಹಾಕಿ ಅದನ್ನು ಕಳೆಯಿರಿ. ತುಂಬಿಸಿ ತಂದಾಗಲೂ ಹೀಗೇ ತೂಗಿ ನೋಡಿ, ಪರೀಕ್ಷೆಯ ತಾರೀಖು ಮುಗಿದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಸಿಓಟು ರೆಗ್ಯುಲೇಟರ್ ಬೇರೆ, ಆರ್ಗಾನಿನದು ಬೇರೆ. ಹೀಟರ್ ಇರುವ ರೆಗ್ಯುಲೇಟರ್ ತಂದರೆ ಅದು 36 ವೋಲ್ಟಿನದೋ 230 ವೋಲ್ಟಿನದೋ ಎಂದು ಓದಿ, ನಂತರವೇ ಪ್ಲಗ್ಗಿಗೆ ಹಾಕಿ.

ಹಂತ 4: ನಿಮ್ಮ ಶೆಡ್ಡಿನ ಕರೆಂಟ್ ಅಳೆಯಿರಿ

ಮಷಿನ್ ಇಡುವ ಜಾಗದ ಪ್ಲಗ್ಗಿನಲ್ಲೇ ಮಲ್ಟಿಮೀಟರ್ ಇಟ್ಟು ದಿನಕ್ಕೆ ಮೂರು ಸಲ ನೋಡಿ: ಬೆಳಿಗ್ಗೆ, ನಡು ಮಧ್ಯಾಹ್ನ, ಸಂಜೆ ದೀಪ ಹಚ್ಚುವ ಹೊತ್ತು. ಕಂಪ್ರೆಸರ್ ಓಡುತ್ತಿರುವಾಗಲೂ ನೋಡಿ. 210 ವೋಲ್ಟ್ ಮೇಲಿದ್ದರೆ ಚಿಂತೆಯಿಲ್ಲ. 195ರ ಕೆಳಗೆ ಇಳಿಯುತ್ತಿದ್ದರೆ ಅಷ್ಟು ಕೆಳಗಿನ ವೋಲ್ಟೇಜಿನಲ್ಲೂ ನಡೆಯುತ್ತದೆ ಎಂದು ಕೈಪಿಡಿಯಲ್ಲಿ ಬರೆದಿರುವ ಇನ್ವರ್ಟರ್ ಮಷಿನ್ನೇ (ಎಲೆಕ್ಟ್ರಾನಿಕ್ ಬೋರ್ಡಿನಿಂದ ಕರೆಂಟ್ ಹೊಂದಿಸುವ ವೆಲ್ಡಿಂಗ್ ಮಷಿನ್) ಬೇಕು. ವೋಲ್ಟೇಜ್ ಕುಸಿದಾಗ ಆರ್ಕ್ ಉಗ್ಗುತ್ತದೆ, ಮಿಸ್ತ್ರಿ ನಾಬ್ ಏರಿಸುತ್ತಾನೆ, ವೋಲ್ಟೇಜ್ ಮರಳಿದ ಕ್ಷಣ ತಗಡು ತೂತಾಗುತ್ತದೆ.

0.8 ಮಿ.ಮೀ. ತಗಡಿಗೆ 60 ಆಂಪ್, 17 ವೋಲ್ಟಿನಲ್ಲಿ ಬೆಸೆಯುವಾಗ ಮಷಿನ್ ಪ್ಲಗ್ಗಿನಿಂದ ಎಳೆಯುವುದು 8 ಆಂಪಿನ ಆಸುಪಾಸು. 16 ಆಂಪಿನ ಪ್ಲಗ್ ಅದಕ್ಕೆ ಸಾಕು. ಅದೇ ಮಷಿನ್ನಿನಿಂದ 200 ಆಂಪಿನಲ್ಲಿ ಚಾಸಿ ಬೆಸೆದರೆ 30-35 ಆಂಪ್ ಎಳೆಯಬಹುದು, ಆಗ ಆ ಪ್ಲಗ್ ಕರಗುತ್ತದೆ. ಆದ್ದರಿಂದ 32 ಆಂಪಿನ ಸಾಕೆಟ್, ಸಿ ಮಾದರಿಯ ಎಂಸಿಬಿ, ಬೋರ್ಡಿನಿಂದ 6 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ. ಕಂಪ್ರೆಸರ್ ಜೊತೆ ಸೇರಿ ಮಂಜೂರಾದ ಲೋಡ್ ಮೀರುವುದಾದರೆ ಜೆಸ್ಕಾಂಗೆ ಹೆಚ್ಚುವರಿ ಲೋಡಿನ ಅರ್ಜಿಯನ್ನು ಈಗಲೇ ಕೊಡಿ.

ಎಕ್ಸ್‌ಟೆನ್ಷನ್ ಬೋರ್ಡ್ ಬಹಳ ಜನರ ಬೆಸುಗೆ ಕೆಡಿಸುವ ಗುಟ್ಟಿನ ಕಳ್ಳ. 20 ಮೀಟರ್ ಉದ್ದದ 1.5 ಚದರ ಮಿ.ಮೀ. ವೈರಿನಲ್ಲಿ 20 ಆಂಪ್ ಹರಿದರೆ ಸುಮಾರು 10 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿ.ಮೀ. ಆದರೆ 4 ವೋಲ್ಟಿನ ಒಳಗೆ. ಸುರುಳಿ ಸುತ್ತಿಟ್ಟೇ ಬಳಸಬೇಡಿ, ಒಳಗೆ ಕಾದು ವೈರಿನ ಮೈ ಕರಗುತ್ತದೆ.

ಅರ್ಥಿಂಗ್ ಬಗ್ಗೆ ಒಂದು ಮಾತು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದು ಒಳ್ಳೆಯ ಅರ್ಥಿಂಗ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಮಾರ್ಚಿನಿಂದ ಗುಂಡಿಗೆ ನೀರು ಹಾಕುತ್ತಿರಿ, ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಿಂದ ಅಳೆಸಿ.

ಹಂತ 5: ಮಷಿನ್‌ನ ಹಿಂದಿನ ಫಲಕ ಓದಿ

ಮುಂದಿನ ಸ್ಟಿಕ್ಕರಿನ ಅಂಕಿ ಬಿಡಿ. ಹಿಂದೆ ಅಥವಾ ಪಕ್ಕದಲ್ಲಿ ಲೋಹದ ಫಲಕವೋ ಅಂಟಿಸಿದ ಹಾಳೆಯೋ ಇರುತ್ತದೆ. ಅದರಲ್ಲಿ 30ಎ/15.5ವಿ – 200ಎ/24ವಿ ಎಂಬಂಥ ಸಾಲು ಹುಡುಕಿ. ನಿಮಗೆ ಬೇಕಾದದ್ದು ಎಡಗಡೆಯ ಅಂಕಿ. 30 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದುವರಿಯಿರಿ. 40 ಇದ್ದರೆ ಪರೀಕ್ಷೆ ಮಾಡಿ ನೋಡಿ. 50 ಅಥವಾ ಮೇಲೆ ಇದ್ದರೆ ಬಿಡಿ.

ಕಡ್ಡಿ, ಟಿಗ್, ಮಿಗ್ ಮೂರೂ ಇರುವ ಮಷಿನ್‌ಗಳಲ್ಲಿ ಮೂರು ಸಾಲು ಇರುತ್ತವೆ, ತಪ್ಪು ಸಾಲು ಓದಿ ಮೋಸಹೋಗುವವರು ಬಹಳ. ಗುರುತು ಹಿಡಿಯುವ ದಾರಿ ವೋಲ್ಟ್. 20 ಆಂಪಿನ ಪಕ್ಕದಲ್ಲಿ 20.8 ವೋಲ್ಟ್ ಇದ್ದರೆ ಅದು ಕಡ್ಡಿಯದು. 10.8 ಇದ್ದರೆ ಟಿಗ್. ಮಿಗ್ ಸಾಲಿನಲ್ಲಿ ವೋಲ್ಟ್ ಎಂದರೆ 14ಕ್ಕೆ ಆಂಪಿನ ಇಪ್ಪತ್ತನೇ ಒಂದು ಭಾಗ ಕೂಡಿಸಿದ್ದು: 30 ಆಂಪಿಗೆ 15.5, 60ಕ್ಕೆ 17, 200ಕ್ಕೆ 24. ಈ ಲೆಕ್ಕಕ್ಕೆ ಕೂರದ ಅಂಕಿ ಬರೆದಿದ್ದರೆ ಆ ಫಲಕವನ್ನು ನಂಬಬೇಡಿ.

ಎಕ್ಸ್ ಎಂದು ಬರೆದ ಸಾಲು ಡ್ಯೂಟಿ ಸೈಕಲ್. 200 ಆಂಪಿನಲ್ಲಿ ಶೇ 25 ಎಂದರೆ 10 ನಿಮಿಷದಲ್ಲಿ ಎರಡೂವರೆ ನಿಮಿಷ ಬೆಸೆದು ಉಳಿದ ಹೊತ್ತು ತಣಿಯಲು ಬಿಡಬೇಕು. ಕರೆಂಟ್ ಅರ್ಧಕ್ಕೆ ಇಳಿಸಿದರೆ ಈ ಪ್ರಮಾಣ ಸುಮಾರು ನಾಲ್ಕು ಪಟ್ಟಾಗುತ್ತದೆ, ಅಂದರೆ ಅದೇ ಮಷಿನ್ 100 ಆಂಪಿನಲ್ಲಿ ಬಿಡುವಿಲ್ಲದೆ ಉರಿಯಬಲ್ಲದು. ಹೊರಮೈ ತಗಡಿನಿಂದ ಫ್ಲೋರಿನವರೆಗೆ ಬಾಡಿ ಕೆಲಸಕ್ಕೆ ನೀವು ಬಳಸುವುದು 30ರಿಂದ 90 ಆಂಪ್. ಹೀಗಾಗಿ ದೊಡ್ಡ ಡ್ಯೂಟಿ ಸೈಕಲ್ಲಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಆದರೆ ಆ ಅಂಕಿಯನ್ನು 40 ಡಿಗ್ರಿ ವಾತಾವರಣದಲ್ಲಿ ಅಳೆದಿರಬೇಕು. 20 ಅಥವಾ 25 ಡಿಗ್ರಿಯಲ್ಲಿ ಅಳೆದು ಬರೆದಿದ್ದರೆ ತಗಡಿನ ಸೂರಿನ ಕೆಳಗೆ ಮೇ ತಿಂಗಳಲ್ಲಿ ಅದು ಆಗಾಗ ಕೈಕೊಡುತ್ತದೆ.

ವೋಲ್ಟ್ ಮತ್ತು ತಂತಿಯ ವೇಗಕ್ಕೆ ಬೇರೆ ಬೇರೆ ನಾಬ್ ಇರಬೇಕು. ಒಂದೇ ನಾಬ್ ತಿರುಗಿಸಿದರೆ ಎಲ್ಲವನ್ನೂ ತಾನೇ ಹೊಂದಿಸುವ ಮಷಿನ್ ಹೊಸಬರಿಗೆ ಅನುಕೂಲ, ಆದರೆ ಅದರ ಲೆಕ್ಕವನ್ನು ಮೇಲೆ-ಕೆಳಗೆ ತಿದ್ದುವ ಅವಕಾಶವೂ ಬೇಕು. ಇಂಡಕ್ಟನ್ಸ್ ನಾಬ್ ಇದ್ದರೆ ಒಳ್ಳೆಯದು, ಅದರಿಂದ ಆರ್ಕನ್ನು ಮೆತ್ತಗೆ ಮಾಡಬಹುದು. ಸ್ಪಾಟ್ ಟೈಮರ್ ಇದ್ದರೆ ಇನ್ನೂ ಒಳ್ಳೆಯದು, ಚುಕ್ಕೆಗಳೆಲ್ಲ ಒಂದೇ ಅಳತೆಗೆ ಬರುತ್ತವೆ.

ಹಂತ 6: ಮಷಿನ್ನಿನ ಬಾಗಿಲು ತೆಗೆದು ಒಳಗೆ ನೋಡಿ

ತಂತಿ ತಳ್ಳುವ ಚಕ್ರದ ಮೇಲೆ 0.6/0.8 ಎಂದು ಇರಬೇಕು, ಕಾಲುವೆ ಇಂಗ್ಲಿಷಿನ ವಿ ಆಕಾರದಲ್ಲಿರಬೇಕು. ಹಲ್ಲುಹಲ್ಲಾದ ಚಕ್ರ ಪುಡಿ ತುಂಬಿದ ತಂತಿಯದು. ಅದು ಗಟ್ಟಿ ತಂತಿಯನ್ನು ತರಚಿ ಲೈನರಿನೊಳಗೆ ಪುಡಿ ತುಂಬಿಸುತ್ತದೆ. ಚಕ್ರದ ಚೌಕಟ್ಟು ಲೋಹದ್ದಾದರೆ ವಾಸಿ. 5 ಕೆ.ಜಿ. ಉರುಳೆ ಕೂರುತ್ತದೆಯೇ ಎಂದು ಇಟ್ಟೇ ನೋಡಿ.

ಟಾರ್ಚ್ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಗನ್) ಬಿಚ್ಚಿ ಹಾಕುವಂಥ ಯೂರೋ ಜೋಡಣೆಯದೇ ಇರಲಿ. ಮಷಿನ್ನಿಗೇ ಅಂಟಿಕೊಂಡ ಟಾರ್ಚ್ ಕೆಟ್ಟರೆ ಮಷಿನ್ ಮೂಲೆಗೆ ಸೇರುತ್ತದೆ. 15ನೇ ನಂಬರಿನ, 3 ಮೀಟರ್ ಉದ್ದದ ಟಾರ್ಚ್ ಬಾಡಿ ಕೆಲಸಕ್ಕೆ ಸರಿಯಾದ ಅಳತೆ, ಅದರ ಟಿಪ್ಪು (ತಂತಿ ಹೊರಬರುವ ತುದಿ), ನಾಜಲ್ (ಗ್ಯಾಸ್ ಹೊರಬರುವ ಬಾಯಿ) ಎಲ್ಲೆಡೆ ಸಿಗುತ್ತವೆ. 0.6ರಿಂದ 0.9 ಮಿ.ಮೀ. ತಂತಿಯ ಲೈನರ್ ನೀಲಿ ಬಣ್ಣದ್ದು, 1.0-1.2ರದು ಕೆಂಪು. ಕೆಂಪು ಹಾಕಿ ಕೊಟ್ಟಿದ್ದರೆ ಬದಲಿಸಲು ಹೇಳಿ. ಸಡಿಲ ಲೈನರಿನಲ್ಲಿ ತೆಳು ತಂತಿ ಹಾವಿನಂತೆ ಹೊರಳುತ್ತದೆ, ಟಿಪ್ಪಿನಲ್ಲಿ ವೇಗ ಏರಿಳಿಯುತ್ತದೆ.

ಜೊತೆಗೆ ಕೊಟ್ಟ ಅರ್ಥ್ ಕ್ಲಾಂಪ್ (ಮಷಿನ್ನಿನ ಇನ್ನೊಂದು ಕೇಬಲನ್ನು ಗಾಡಿಗೆ ಹಿಡಿಸುವ ಹಿಡಿ) ತೆಳು ತಗಡಿನದಾದರೆ 300 ಆಂಪಿನ ಹಿತ್ತಾಳೆ ಕ್ಲಾಂಪ್ ಬೇರೆ ಕೊಳ್ಳಿ.

ಹಂತ 7: ಅಂಗಡಿಯಲ್ಲಿ ನಿಮ್ಮ ತಗಡಿನ ಮೇಲೇ ಬೆಸೆದು ನೋಡಿ

ಅಂಗಡಿಯವರು 5 ಮಿ.ಮೀ. ಪಟ್ಟಿಯ ಮೇಲೆ ಚೆಂದದ ಸಾಲು ಹಾಕಿ ತೋರಿಸುತ್ತಾರೆ. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ತಂದ ತುಂಡುಗಳನ್ನು ತೆಗೆಯಿರಿ. ಬೆಸೆದು ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ, ಬೆಲೆ ಎಷ್ಟೇ ಕಡಿಮೆ ಇರಲಿ.

1. ಶುರುವಾತಿನ ಪರೀಕ್ಷೆ. ಅತಿ ಕೆಳಗಿನ ಹದದಲ್ಲಿಟ್ಟು ಒಂದೇ ತುಂಡಿನ ಮೇಲೆ ಇಪ್ಪತ್ತು ಚುಕ್ಕೆ ಹಾಕಿ. ಗುಂಡಿ ಒತ್ತಿದ ಕೂಡಲೇ ಆರ್ಕ್ ಹತ್ತಬೇಕು. ತಂತಿ ತುಂಡಾಗಿ ಸಿಡಿಯುವುದು, ತಗಡಿಗೆ ತಿವಿದು ಟಾರ್ಚನ್ನು ಹಿಂದೆ ತಳ್ಳುವುದು ಎರಡು-ಮೂರು ಸಲಕ್ಕಿಂತ ಹೆಚ್ಚಾದರೆ ಆ ಮಷಿನ್ ತೆಳು ತಗಡಿಗಲ್ಲ. ಬಾಡಿ ಕೆಲಸವೆಂದರೆ ನೂರಾರು ಶುರುವಾತುಗಳು, ಉದ್ದ ಸಾಲು ಅಪರೂಪ. ಎಲ್ಲ ಪರೀಕ್ಷೆಗಳಲ್ಲಿ ಇದಕ್ಕೇ ಹೆಚ್ಚು ತೂಕ ಕೊಡಿ.

2. ಅಂಚಿಗೆ ಅಂಚು. ಎರಡು ತುಂಡುಗಳ ನಡುವೆ ಒಂದು ತಗಡಿನಷ್ಟು ಸಂದು ಬಿಟ್ಟು 25 ಮಿ.ಮೀ.ಗೊಂದು ಟ್ಯಾಕ್ (ಹಿಡಿದಿಡುವ ಸಣ್ಣ ಬೆಸುಗೆ) ಹಾಕಿ, ನಡುವಿನ ಜಾಗವನ್ನು ಚುಕ್ಕೆಗಳಿಂದ ತುಂಬಿ. 0.8 ಮಿ.ಮೀ. ತಂತಿಗೆ 15.5ರಿಂದ 17 ವೋಲ್ಟ್, ತಂತಿಯ ವೇಗ ನಿಮಿಷಕ್ಕೆ 2.5ರಿಂದ 3.5 ಮೀಟರ್, ಇದು ಶುರು ಮಾಡುವ ಹದ. ತಿರುಗಿಸಿದಾಗ ಹಿಂಬದಿಯಲ್ಲಿ ಸಣ್ಣಗೆ ಉಬ್ಬಿದ ಗೆರೆ ಕಾಣಬೇಕು. ಏನೂ ಕಾಣದಿದ್ದರೆ ಬೆಸುಗೆ ಮೇಲೆ ಅಂಟಿಕೊಂಡಿದೆ ಅಷ್ಟೇ. ಹನಿಗಳು ನೇತಾಡುತ್ತಿದ್ದರೆ ಶಾಖ ಹೆಚ್ಚು.

3. ತೂತು ತುಂಬುವ ಬೆಸುಗೆ. ಮೇಲಿನ ತುಂಡಿನಲ್ಲಿ 8 ಮಿ.ಮೀ. ತೂತು ಕೊರೆದು, ಕೆಳಗಿನದಕ್ಕೆ ಬಿಗಿಯಾಗಿ ಹಿಡಿದು, ಕೆಳಗಿನ ತಗಡಿನಿಂದ ಶುರುಮಾಡಿ ಸುತ್ತುತ್ತ ತುಂಬಿ. ತಣಿದ ಮೇಲೆ ವೈಸಿಗೆ ಹಾಕಿ ಚಾಣದಿಂದ ಬಿಡಿಸಿ. ಬೆಸುಗೆಯ ಗುಂಡಿ ಕೆಳಗಿನ ತಗಡನ್ನು ಹರಿದುಕೊಂಡು ಬಂದರೆ ಸರಿ. ಗುಂಡಿ ಮಾತ್ರ ಕಳಚಿ, ಕೆಳಗಿನ ತಗಡು ಹೊಳೆಯುತ್ತ ಹಾಗೇ ಉಳಿದರೆ ಶಾಖ ಸಾಲದು.

4. ಟಾರ್ಚಿನ ಕೇಬಲನ್ನು ಒಂದು ಸುತ್ತು ಸುತ್ತಿ ಗುಂಡಿ ಒತ್ತಿ. ಗಾಡಿಯ ಕೆಳಗೆ ಕೇಬಲ್ ಹೀಗೇ ತಿರುಚಿರುತ್ತದೆ, ಆಗಲೂ ತಂತಿ ಒಂದೇ ವೇಗದಲ್ಲಿ ಬರಬೇಕು.

5. 20 ಮೀಟರ್ ಎಕ್ಸ್‌ಟೆನ್ಷನ್ ಹಾಕಿ, ಪಕ್ಕದಲ್ಲಿ ಗ್ರೈಂಡರ್ ಓಡಿಸಿ, ಮತ್ತೆ ಹತ್ತು ಚುಕ್ಕೆ.

ಕಿವಿಯನ್ನೂ ಬಳಸಿ. ಹದ ಕೂತ ಆರ್ಕಿನ ಸದ್ದು ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಒಂದೇ ಸಮ ಚಿಟಪಟ ಎನ್ನುತ್ತದೆ.

ಹಂತ 8: ಬಿಲ್ಲು, ಸರ್ವಿಸು, ಉಳಿದ ಸಾಮಾನು

ಹೈದರಾಬಾದಿನಲ್ಲಿ, ಸೊಲ್ಲಾಪುರದಲ್ಲಿ ಬೆಲೆ ಕಡಿಮೆ ಎಂದು ಹೋಗುವವರಿದ್ದಾರೆ. ಆಯ್ಕೆ ಅಲ್ಲಿ ಹೆಚ್ಚು, ಹೋಗಬಾರದೆಂದಿಲ್ಲ. ಆದರೆ ಇನ್ವರ್ಟರ್ ಮಷಿನ್‌ನ ಬೋರ್ಡ್ ಸುಟ್ಟರೆ ರಸ್ತೆಬದಿಯ ರಿಪೇರಿಯವರಿಂದ ಅದು ಹೆಚ್ಚಾಗಿ ಸರಿಹೋಗುವುದಿಲ್ಲ. ಕೊಳ್ಳುವ ಮುನ್ನ ಕೇಳಿ: ಬೋರ್ಡ್ ಇಲ್ಲೇ ಬದಲಿಸುತ್ತೀರೋ ಕಂಪನಿಗೆ ಕಳಿಸುತ್ತೀರೋ, ಎಷ್ಟು ದಿನ, ಹೋಗಿ-ಬರುವ ಸಾಗಣೆ ಯಾರದು, ವೋಲ್ಟೇಜ್ ಏರಿಳಿತದಿಂದ ಕೆಟ್ಟರೆ ವಾರಂಟಿ ಇದೆಯೇ. ಉತ್ತರವನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿ, ಮಷಿನ್ ಸೀರಿಯಲ್ ನಂಬರ್ ಸಮೇತ.

ಕೈಯಲ್ಲಿರುವ ಹಣವನ್ನೆಲ್ಲ ಮಷಿನ್‌ಗೆ ಸುರಿಯಬೇಡಿ. ಅರ್ಧವನ್ನಾದರೂ ಉಳಿದದ್ದಕ್ಕೆ ಇಡಿ: ಸಿಲಿಂಡರ್ ಮತ್ತು ರೆಗ್ಯುಲೇಟರ್, 9ರಿಂದ 13ರವರೆಗೆ ಕಪ್ಪು ಹೊಂದಿಸಬಹುದಾದ ಆಟೋ ಹೆಲ್ಮೆಟ್, ಈ ಕೆಲಸಕ್ಕೆ 10 ಸರಿ, ಚರ್ಮದ ಕೈಗವಸು, ಕನಿಷ್ಠ ಆರು ಹಿಡಿ ಕ್ಲಾಂಪ್, ಹತ್ತು ಟಿಪ್ಪು, ಎರಡು ನಾಜಲ್, ಬೆಸುಗೆಯ ಸಂದಿಗೆ ಹಚ್ಚುವ ಸತು ಪ್ರೈಮರ್, ಬೆಂಕಿ ಆರಿಸುವ ಸಿಲಿಂಡರ್, ಕಿಡಿ ತಡೆಯುವ ದಪ್ಪ ಕಂಬಳಿ. ಹೊಗೆ ತಡೆಯುವ ಮಾಸ್ಕ್ ಮರೆಯಬೇಡಿ. ಈಗಿನ ಗಾಡಿಗಳ ತಗಡಿಗೆ ಸತುವಿನ ಲೇಪ ಇರುತ್ತದೆ, ಅದು ಸುಟ್ಟ ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುತ್ತದೆ.

ಹಂತ 9: ಮೊದಲ ಜೋಡಣೆ ಮತ್ತು ಅಪಾಯದ ಸೂಚನೆಗಳು

ಗಟ್ಟಿ ತಂತಿ ಮತ್ತು ಗ್ಯಾಸಿಗೆ ಟಾರ್ಚ್ ಪ್ಲಸ್ಸಿಗೆ, ಕ್ಲಾಂಪ್ ಮೈನಸ್ಸಿಗೆ. ಹೊಸ ಮಷಿನ್ ಪುಡಿ ತಂತಿಗೆ ಹೊಂದಿಸಿಟ್ಟು ಬಂದಿರಬಹುದು, ಆಗ ಇದು ತಲೆಕೆಳಗಾಗಿರುತ್ತದೆ, ಬೆಸುಗೆ ಗುಡ್ಡೆಗುಡ್ಡೆಯಾಗಿ ಮೇಲೆ ಕೂರುತ್ತದೆ. ಚಕ್ರದ ಬಿಗಿ ಹೊಂದಿಸಲು ಟಾರ್ಚನ್ನು ಕಟ್ಟಿಗೆಯಿಂದ 5 ಸೆ.ಮೀ. ದೂರ ಹಿಡಿದು ತಂತಿ ಬಿಡಿ. ತಂತಿ ಬಳುಕಿ ಸುರುಳಿಯಾಗಬೇಕು, ಚಕ್ರ ಜಾರಬಾರದು. ಗ್ಯಾಸ್ ನಿಮಿಷಕ್ಕೆ 8ರಿಂದ 12 ಲೀಟರ್. ತೆರೆದ ಶೆಡ್ಡಿನಲ್ಲಿ ಗಾಳಿ ಬೀಸುತ್ತಿದ್ದರೆ ಗ್ಯಾಸ್ ಹೆಚ್ಚಿಸುವ ಬದಲು ತಾಡಪತ್ರಿ ಕಟ್ಟಿ. ಫ್ಯಾನ್ ಕೂಡ ಆರಿಸಿ, ಬಿಸಿಲಿದ್ದರೂ.

ಗಾಡಿ ಮುಟ್ಟುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಪೆಟ್ರೋಲ್ ಟ್ಯಾಂಕ್, ಸಿಎನ್‌ಜಿ ಸಿಲಿಂಡರಿನ ಹತ್ತಿರ ಕೆಲಸವಿದ್ದರೆ ಅವನ್ನು ಬಿಚ್ಚಿ ಹೊರಗಿಡಬೇಕು, ಮುಚ್ಚಿದರೆ ಸಾಲದು. ಕ್ಲಾಂಪನ್ನು ಬೆಸೆಯುವ ಜಾಗದ ಗೇಣಿನೊಳಗೆ, ಬರಿ ಲೋಹಕ್ಕೆ ಹಾಕಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತಗಡು ಒರೆಸಿ ಬೆಸೆಯಲೇಬೇಡಿ, ಆರ್ಕಿನ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ಪ್ರಾಣಾಂತಕ ವಿಷಾನಿಲ ಹುಟ್ಟುತ್ತದೆ.

ಸೂಚನೆಗಳನ್ನು ಹೀಗೆ ಓದಿ. ತಂತಿ ಪಟ್ ಪಟ್ ಎಂದು ತಿವಿಯುತ್ತಿದ್ದರೆ ಮೊದಲು ಕ್ಲಾಂಪಿನ ಹಿಡಿತ ನೋಡಿ, ಆಮೇಲೆ ತಂತಿಯ ವೇಗ ಇಳಿಸಿ, ಕೊನೆಗೆ ವೋಲ್ಟ್ ಏರಿಸಿ. ಟಿಪ್ಪಿನ ತುದಿಯಲ್ಲಿ ಗುಂಡು ಕಟ್ಟಿ ಸುಯ್ ಎನ್ನುತ್ತಿದ್ದರೆ ವೋಲ್ಟ್ ಹೆಚ್ಚಾಗಿದೆ ಅಥವಾ ತಂತಿ ನಿಧಾನವಾಗಿದೆ. ಬೆಸುಗೆಯಲ್ಲಿ ಸೂಜಿ ತೂತುಗಳು, ಸುತ್ತ ಕಂದು ಮಸಿ ಇದ್ದರೆ ಗ್ಯಾಸ್ ತಲುಪುತ್ತಿಲ್ಲ: ಗಾಳಿ, ನಾಜಲ್ಲಿನ ಕಿಟ್ಟ, ಸಡಿಲ ಪೈಪ್, ಖಾಲಿ ಸಿಲಿಂಡರ್, ಈ ಕ್ರಮದಲ್ಲಿ ಹುಡುಕಿ. ತಗಡು ಅಲೆಯೇಳುತ್ತಿದ್ದರೆ ಒಂದೇ ಕಡೆ ಬೆಸೆಯುತ್ತಿದ್ದೀರಿ. ಒಂದು ಚುಕ್ಕೆ ಈ ತುದಿಗೆ, ಮುಂದಿನದು ಆ ತುದಿಗೆ ಹಾಕಿ, ಮುಟ್ಟಿದರೆ ಬೆಚ್ಚಗಿರುವಷ್ಟು ತಣಿದ ಮೇಲೆ ನಡುವಿಗೆ ಬನ್ನಿ. ಒದ್ದೆ ಬಟ್ಟೆ ಹಾಕಿ ತಣಿಸುವ ಅವಸರ ಬೇಡ.

ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಒಣ ಗಾಳಿಯಿಂದ ಧೂಳು ಊದಿ. ಗ್ರೈಂಡರಿನ ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಕೂತು ಶಾರ್ಟ್ ಆಗಿ ಇನ್ವರ್ಟರ್ ಸುಡುವುದುಂಟು, ಆದ್ದರಿಂದ ಗ್ರೈಂಡರಿನ ಕಿಡಿ ಹಾರುವ ದಿಕ್ಕಿಗೆ ಮಷಿನ್ ಇಡಬೇಡಿ. ಕೆಲಸ ಮುಗಿದ ಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಬಿಡಿ. ಬೆಸೆದ ಗಾಡಿಯ ಪಕ್ಕದಲ್ಲಿ ಒಂದು ತಾಸಾದರೂ ಯಾರಾದರೂ ಇರಲಿ. ಸೀಟಿನ ಸ್ಪಂಜು, ಬಾಗಿಲೊಳಗಿನ ಹೊದಿಕೆ ಹೊಗೆ ತೋರಿಸದೆ ಒಳಗೊಳಗೇ ಕಾಯುತ್ತಿದ್ದು, ಶೆಡ್ಡಿಗೆ ಬೀಗ ಹಾಕಿದ ಮೇಲೆ ಹೊತ್ತಿಕೊಳ್ಳುವುದುಂಟು.